ಅತ್ತೆಯ ಬೆರಳಿಗೆ ಬಗ್ಗದ ಫೋನು

ನನ್ನ ಮಾವನ ಮನೆಗೆ ಅಳಿಯಂದಿರು ಇಬ್ಬರು. ಮೊದಲು ತಾಳಿ ಕಟ್ಟಿದವನು ನಾನು. ಆದರೂ ಮರ್ಯಾದೆಯ ಸಾಲಿನಲ್ಲಿ ಎರಡನೆಯವನು ನಾನೇ. ಇದು ಘೋರ ಅನ್ಯಾಯ ಎಂಬುದು ನನ್ನ ಅಭಿಪ್ರಾಯ. ನನ್ನ ಹೆಂಡತಿ ಯಶೋದಳಿಗೆ ಹಾಗೆ ಅನ್ನಿಸುವುದಿಲ್ಲ. (ಅವಳಿಗೆ ಅನ್ನಿಸದೇ ಇರುವುದು ನಮ್ಮ ಮನೆಯಲ್ಲಿ ಅಭಿಪ್ರಾಯ ಎನ್ನಿಸಿಕೊಳ್ಳುವುದಿಲ್ಲ.)

ನನ್ನ ಹೆಸರು ಹನುಮಂತರಾಜು. ಮಧುಗಿರಿಯಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಯಾವ ವಸ್ತು ಕಂಡರೂ ಅದು ಹೇಗೆ ಕೆಲಸ ಮಾಡುತ್ತದೆಂದು ಎದುರಿಗಿದ್ದವರಿಗೆ ವಿವರಿಸದೆ ಬಿಡುವ ಜಾಯಮಾನ ನನ್ನದಲ್ಲ. ಕುಕ್ಕರ್ ಯಾಕೆ ಕೂಗುತ್ತದೆ ಎಂದು ನಾನು ವಿವರಿಸಿ ಮುಗಿಸುವ ಹೊತ್ತಿಗೆ ಒಳಗಿನ ಬೇಳೆ ತಳ ಹಿಡಿದದ್ದುಂಟು. ಇಂಥ ನನ್ನನ್ನು ಹಿಂದಕ್ಕೆ ಹಾಕಿದವನು ನನ್ನ ಷಡ್ಡಕ ಚಂದ್ರಶೇಖರ್, ಯಶೋದಳ ತಂಗಿ ಶ್ರೀಲತಾಳ ಗಂಡ. ಮನೆ ಪಾವಗಡದಲ್ಲಿ, ಕೆಲಸ ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ. ಹೋದ ದೀಪಾವಳಿಗೆ ಅವನು ಮಾವನ ಮನೆಗೊಂದು ಸೋಲಾರ್ ದೀಪ ತಂದು ಮೇಕೆ ದೊಡ್ಡಿಯ ಮೇಲೆ ಕಟ್ಟಿದ. ಅಂದಿನಿಂದ ನನ್ನ ಮಾವ ಓಬಯ್ಯನವರು ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ, "ನಮ್ಮ ಅಳಿಯಂದ್ರು ಸೂರ್ಯನ್ನೇ ತಂದು ದೊಡ್ಡಿಗೆ ಕಟ್ಟವ್ರೆ ನೋಡ್ಲಾ" ಎಂದು ತೋರಿಸತೊಡಗಿದರು. ನಾನು ತಂದಿದ್ದ ಸೋನ್‌ಪಾಪ್ಡಿ ಡಬ್ಬವನ್ನು ಯಾರಿಗೂ ತೋರಿಸಲಿಲ್ಲ.

ಸೂರ್ಯನನ್ನು ಸೋಲಿಸುವುದು ಹೇಗೆ ಎಂದು ಯೋಚಿಸುತ್ತಿದ್ದಾಗ ದಾರಿ ತಾನಾಗಿಯೇ ತೆರೆಯಿತು. ಅತ್ತೆ ಭೀಮಕ್ಕನವರ ಬಟನ್ ಫೋನಿನ ಹಸಿರು ಗುಂಡಿ ಸವೆದು ಕೈಕೊಟ್ಟಿತ್ತು. ಕರೆ ಬಂದರೆ ಎತ್ತುವಂತಿಲ್ಲ. ಫೋನು ಬಡಕೊಳ್ಳುವುದನ್ನು ನೋಡುತ್ತ ಕೂರಬೇಕು. ಶ್ರೀಲತಾಳಿಗೆ ಎರಡನೇ ಹೆರಿಗೆಯಾಗಿ ಹೆಣ್ಣು ಮಗು ಹುಟ್ಟಿದ ಸುದ್ದಿ ಅತ್ತೆಗೆ ತಿಳಿದದ್ದು, ಅವರಿರುವ ಹಟ್ಟಿಯ ಅಷ್ಟೂ ಜನಕ್ಕೆ ತಿಳಿದ ಮೇಲೆ. ಮೇವು ತರಲು ಹೋದಾಗ ಯಾರೋ "ಸಿಹಿ ಎಲ್ಲಿ ಭೀಮಕ್ಕ?" ಎಂದು ಕೇಳಿದ್ದರಂತೆ. ಬಸ್ಸು ಹಿಡಿದು ಪಾವಗಡಕ್ಕೆ ಹೋಗಿ ಮಗು ನೋಡಿಕೊಂಡು ಬಂದರು, ಸರಿ; ಆದರೆ ಆ ಮಾತು ಅವರ ಮನಸ್ಸಿನಿಂದ ಹೋಗಿರಲಿಲ್ಲ.

"ಅತ್ತೆಗೆ ಒಂದು ಟಚ್ ಫೋನು ಕೊಡಿಸೋಣ," ಎಂದೆ.

ಯಶೋದ ನನ್ನನ್ನು ಅನುಮಾನದಿಂದ ನೋಡಿದಳು. "ಅವ್ವಂಗೋಸ್ಕರಾನಾ, ಚಂದ್ರಶೇಖರ್‌ಗೋಸ್ಕರಾನಾ?"

"ವಿಜ್ಞಾನಕ್ಕೋಸ್ಕರ," ಎಂದೆ ಗಂಭೀರವಾಗಿ.

ಭಾನುವಾರ ಇಬ್ಬರೂ ಸಿರಾ ಮೇಲೆ ಬುಕ್ಕಾಪಟ್ಟಣಕ್ಕೆ ಹೋಗಿ, ಅಲ್ಲಿಂದ ಆಟೋದಲ್ಲಿ ಹಟ್ಟಿ ತಲುಪಿದೆವು. ಅತ್ತೆಗೆ ಓದು ಬಾರದೆಂದು ಫೋನಿನ ಮೊದಲ ಪರದೆಯ ಮೇಲೆ ನಮ್ಮ ನಾಲ್ವರ ಫೋಟೋ ಕೂರಿಸಿದ್ದೆ. ಯಾವ ಮುಖ ಮುಟ್ಟಿದರೆ ಆ ಮುಖಕ್ಕೆ ನೇರವಾಗಿ ವೀಡಿಯೋ ಕರೆ. (ನನ್ನ ಫೋಟೋ ಎಲ್ಲಕ್ಕಿಂತ ಮೇಲೆ. ಚಂದ್ರಶೇಖರನದು ಕೆಳಗೆ, ಮೂಲೆಯಲ್ಲಿ.) ಕಲಿಯುವವರೆಗೂ ಪರದೆ ಆರಿಹೋಗದ ಹಾಗೆ ಏರ್ಪಾಡನ್ನೂ ಮಾಡಿದ್ದೆ. ಸಿಗ್ನಲ್ ಸಿಗುವುದು ಮನೆ ಮುಂದಿನ ಹೊಂಗೆ ಮರದ ಕೆಳಗೆ ಮಾತ್ರ. ಆದ್ದರಿಂದ ಅಲ್ಲಿ ಮಂಚ ಹಾಕಿಸಿ, ಅತ್ತೆಯನ್ನು ಕೂರಿಸಿ, ಪದಕ ಪ್ರದಾನ ಮಾಡುವವನಂತೆ ಫೋನನ್ನು ಕೈಗಿತ್ತೆ.

ಅತ್ತೆ ಅದನ್ನು ಹಿಂದೆ ಮುಂದೆ ತಿರುಗಿಸಿದರು. "ಇದೇನ್ರಪ್ಪಾ, ಒಂದೂ ಗುಂಡಿ ಇಲ್ಲ! ಅಂಗಡಿಯೋನು ಗುಂಡಿ ಕಿತ್ಕಂಡು ಕೊಟ್ಟವ್ನಾ?"

"ಇದಕ್ಕೆ ಗುಂಡಿ ಬೇಕಿಲ್ಲ ಅತ್ತೆ. ಮುಟ್ಟಿದರೆ ಸಾಕು."

ಮುಟ್ಟಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಮುಟ್ಟಿದರು. ರೊಟ್ಟಿ ತಟ್ಟುವಂತೆ ತಟ್ಟಿದರು, ಹೇನು ಕುಕ್ಕುವಂತೆ ಉಗುರಿನಿಂದ ಕುಕ್ಕಿದರು. ಫೋನು ಮಿಸುಕಲಿಲ್ಲ. ಯಶೋದ ಒಂದು ಬೆರಳು ಇಟ್ಟಳು. ನನ್ನ ಅಂಗಿಯ ಜೇಬಿನಲ್ಲಿ ಫೋನು ಅದುರಿತು.

"ನನ್ನ ಕಂಡ್ರೆ ಇದ್ಕೆ ಆಗಲ್ಲ ಕಣೆ ಯಶೋದಾ," ಎಂದರು ಅತ್ತೆ. "ನೀನು ಮುಟ್ಟಿದ್ರೆ ಎದ್ದು ಕೂರ್ತದೆ. ನಾನು ಮುಟ್ಟಿದ್ರೆ ಸತ್ತಂಗೆ ಬಿದ್ದಿರ್ತದೆ. ಬುಡು, ನಮ್ಮಂತೋರ್ಗಲ್ಲ ಇದು." ನಕ್ಕೇ ಹೇಳಿದರು. ಆದರೆ ಫೋನನ್ನು ಮಂಚದ ಮೇಲಿಟ್ಟು, ಅಂಗೈ ಎರಡನ್ನೂ ಸೆರಗಿನೊಳಗೆ ಎಳೆದುಕೊಂಡರು.

ಯಶೋದ ನನ್ನ ಕಡೆ ತಿರುಗಿದಳು. "ರೀ, ಅಷ್ಟು ಜಂಬದಿಂದ ತಂದ್ರಲ್ಲ. ಈಗ ಏನಾದ್ರೂ ಮಾಡ್ರೀ."

ನಾನು ಇದಕ್ಕಾಗಿಯೇ ಹುಟ್ಟಿದವನು! ಎದ್ದು ನಿಂತೆ. ಅಷ್ಟರಲ್ಲಿ ಅಕ್ಕಪಕ್ಕದವರೂ ಬಂದು ಸೇರಿದ್ದರು.

"ಅತ್ತೆ, ತಪ್ಪು ನಿಮ್ಮದಲ್ಲ. ಈ ಗಾಜಿನ ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಿವೆ. ಉದ್ದಕ್ಕೂ ಅಡ್ಡಕ್ಕೂ, ಹೊಲದ ಬದುಗಳ ಹಾಗೆ. ಅದರಲ್ಲಿ ಒಂದು ಚಿಟಿಕೆ ಕರೆಂಟು ಇರುತ್ತದೆ."

"ಕರೆಂಟಾ!" ಅತ್ತೆ ಮಂಚದ ಆ ತುದಿಗೆ ಸರಿದರು.

"ಹಟ್ಟಿಗೇ ನೆಟ್ಟಗೆ ಕರೆಂಟು ಕೊಡಲ್ಲ, ಇದ್ಕೆ ಯಾರು ಕೊಡ್ತಾರೆ?" ಎಂದು ಮಾವ ಕೇಳಿದರು.

"ಶಾಕ್ ಹೊಡೆಯುವಷ್ಟಲ್ಲ ಮಾವ. ಬ್ಯಾಟರಿಯದು. ನಮ್ಮ ಮೈಯೊಳಗೆ ನೀರಿದೆ, ಉಪ್ಪಿದೆ. ಬೆರಳು ಹತ್ತಿರ ಬಂದರೆ ಆ ಜಾಗದ ಕರೆಂಟು ಬೆರಳಿನ ಕಡೆಗೆ ಚೂರು ಎಳೆದ ಹಾಗಾಗುತ್ತದೆ. ಯಾವ ಗೆರೆಗೆ ಯಾವ ಗೆರೆ ಸೇರುವಲ್ಲಿ ಎಳೆಯಿತು ಅಂತ ಫೋನು ಲೆಕ್ಕ ಹಾಕಿ, ಇಲ್ಲೇ ಮುಟ್ಟಿದ್ದು ಅಂತ ತಿಳಿದುಕೊಳ್ಳುತ್ತದೆ. ಒತ್ತುವ ಬಲ ಅದಕ್ಕೆ ಬೇಕಿಲ್ಲ. ನಿಮ್ಮದು ಕೆಲಸ ಮಾಡಿ ಗಟ್ಟಿಯಾದ ಬೆರಳು. ಒಣಗಿದ ಚರ್ಮ ದಪ್ಪಗೆ ಅಡ್ಡ ಕೂತಿದೆ. ಒಳಗಿನ ನೀರು, ಉಪ್ಪು ಫೋನಿಗೆ ಗೊತ್ತಾಗುತ್ತಿಲ್ಲ."

"ನನ್ನ ಬೆರಳ್ನಾಗೆ ಉಪ್ಪಿಲ್ವಂತಾ?" ಅತ್ತೆಗೆ ಸಿಟ್ಟು ಬಂತು. "ಮದುವೆ ಆಗಿ ಬಂದಾಗ್ನಿಂದ ಈ ಮನೆ ಉಪ್ಪು ತಿಂತಾ ಇವ್ನಿ!"

ಮಾತಿನಿಂದ ಆಗದ್ದು ಪ್ರಯೋಗದಿಂದ ಆಗುತ್ತದೆ. ಒಣ ಕಡ್ಡಿಯಿಂದ ಮುಟ್ಟಿ ತೋರಿಸಿದೆ, ಇಲ್ಲ. ಮುದ್ದೆ ಕೋಲಿನಿಂದ ಮುಟ್ಟಿ ತೋರಿಸಿದೆ, ಇಲ್ಲ. ಅತ್ತೆಯ ಬೆರಳನ್ನು ನೀರಿನಲ್ಲಿ ಅದ್ದಿಸಿದೆ. ಪರದೆಯ ಮೇಲೆ ನೀರು ಹರಡಿ ಫೋನಿಗೆ ದೆವ್ವ ಹಿಡಿದಂತಾಗಿ, ತಾನೇ ಲೆಕ್ಕದ ಯಂತ್ರ ತೆರೆದು, ತಾನೇ ಟಾರ್ಚು ಹತ್ತಿಸಿ, ಮಾವನ ಮೂಗಿನ ಫೋಟೋ ತೆಗೆದುಕೊಂಡಿತು. ಜನ ಹೋ ಎಂದರು. ಪರದೆ ಒರೆಸಿ, ಕೊನೆಗೆ ನನ್ನ ಬ್ರಹ್ಮಾಸ್ತ್ರ ತೆಗೆದೆ.

"ಯಶೋದಾ, ಒಂದು ಸೌತೆಕಾಯಿ ತಾ."

ಸೌತೆಕಾಯಿಯ ತುದಿ ಕತ್ತರಿಸಿ ಅತ್ತೆಯ ಕೈಗೆ ಕೊಟ್ಟೆ. "ಇದರ ಮೈತುಂಬ ನೀರು. ಇದರಿಂದ ಮುಟ್ಟಿ."

ಅತ್ತೆ ಸೌತೆಕಾಯಿಯನ್ನು ಯಶೋದಳ ಫೋಟೋದ ಮೇಲಿಟ್ಟರು. ಬುರ್ರ್! ಫೋನು ಅವರ ಅಂಗೈಯಲ್ಲಿ ಅದುರಿತು. ಯಶೋದಳ ಕೈಯಲ್ಲಿದ್ದ ಫೋನು ಹಾಡಿತು. ಪರದೆಯಲ್ಲಿ ಮಗಳ ಮುಖ ಕಂಡದ್ದೇ ಅತ್ತೆ, ಮಗಳು ಪಕ್ಕದಲ್ಲೇ ನಿಂತಿದ್ದರೂ, "ಯಶೋದಾ! ನಾನು ಕಣೆ, ಅವ್ವ! ನಾನೇ ಮಾಡ್ದೆ!" ಎಂದು ಬುಕ್ಕಾಪಟ್ಟಣಕ್ಕೆ ಕೇಳುವಂತೆ ಕೂಗಿದರು. ಯಶೋದ ಮುಖ ಆಚೆ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಎದೆ ಅಂಗಿಯ ಗುಂಡಿಗಳನ್ನು ಪರೀಕ್ಷಿಸುವಷ್ಟು ಉಬ್ಬಿತು.

"ಬುರ್ರ್ ಅಂದಿದ್ದು ಯಾಕೆ?" ಎಂದು ಅತ್ತೆಯೇ ಕೇಳಿದರು. ಶಿಷ್ಯೆ ಎಂದರೆ ಹೀಗಿರಬೇಕು!

"ಒಳಗೆ ಹುಣಸೆ ಬೀಜದಷ್ಟು ಒಂದು ಮೋಟಾರಿದೆ ಅತ್ತೆ. ಅದಕ್ಕೆ ಒಂದು ಪಕ್ಕಕ್ಕೆ ಮಾತ್ರ ಭಾರ. ಕವಣೆಗೆ ಕಲ್ಲು ಹಾಕಿ ಗಿರ್ರನೆ ತಿರುಗಿಸಿದರೆ ಕೈ ಜಗ್ಗುತ್ತಲ್ಲ, ಹಾಗೆ ಅದು ತಿರುಗಿದರೆ ಇಡೀ ಫೋನು ಅದುರುತ್ತದೆ. ಬರಿ ಗಾಜು ಮುಟ್ಟಿದರೆ ಮುಟ್ಟಿದೆವೋ ಇಲ್ಲವೋ ಬೆರಳಿಗೆ ತಿಳಿಯುವುದಿಲ್ಲ. ಅದಕ್ಕೇ 'ಆಯ್ತು, ನನಗೆ ಗೊತ್ತಾಯ್ತು' ಅಂತ ಫೋನು ಹೇಳುವ ಉಪಾಯ ಅದು."

"ಅಂದ್ರೆ ಗುಂಡೀನೂ ಇಲ್ಲ, ಒತ್ತೋದೂ ಇಲ್ಲ. ಒತ್ತಿದಂಗೆ ನಂಬಿಸ್ತದೆ ಅಷ್ಟೇ."

"ನಾನು ಇವ್ರ ಪಾಠಕ್ಕೆ ಹೂಂ ಅಂತೀನಲ್ಲ ಅವ್ವ, ಹಂಗೆ," ಎಂದಳು ಯಶೋದ. ಜನ ನಕ್ಕರು. ವಿಜಯದ ದಿನ ಇಂಥದ್ದನ್ನೆಲ್ಲ ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಊಟವಾಯಿತು. ಮುದ್ದೆ, ಅವರೆಕಾಳು ಸಾರು, ಮೇಲೆ ಎರಡನೇ ಸಲ ತುಪ್ಪ. (ಮೊದಲೆಲ್ಲ ಎರಡನೇ ಸಲದ ತುಪ್ಪ ಚಂದ್ರಶೇಖರನಿಗೆ ಮಾತ್ರ.) ತಾಯಿ ಮಗಳು ಒಳಗೆ ಪಾತ್ರೆ ತೊಳೆಯುತ್ತಿದ್ದರು. ಸೌತೆರಸ ಮೆತ್ತಿದ ಫೋನು ಮಂಚದ ಮೇಲೆ ಬೆಳಗುತ್ತ ಬಿದ್ದಿತ್ತು. ನಾನು ಮತ್ತು ಮಾವ ಅದಕ್ಕೆ ಬೆನ್ನು ಹಾಕಿ ಜಗಲಿಯ ಮೇಲೆ ಕೂತೆವು. ಹೊಟ್ಟೆ ತುಂಬಿತ್ತು, ನಾಲಿಗೆ ಸಡಿಲವಾಗಿತ್ತು.

"ಮಾವ, ನಾನು ಇನ್ನೊಬ್ಬರ ಬಗ್ಗೆ ಆಡುವವನಲ್ಲ. ಆದರೂ ಹೇಳುತ್ತೇನೆ. ಆ ಚಂದ್ರಶೇಖರ್ ಕಟ್ಟಿದ ದೀಪ ಇದೆಯಲ್ಲ, ಅದು ವಿದ್ಯೆಯಲ್ಲ, ಬರಿ ಬಿಸಿಲು. ಬಿಸಿಲು ಯಾರು ಬೇಕಾದರೂ ತರಬಹುದು. ಮೋಡ ಬಂದರೆ ಅವನೂ ಮಂಕು, ಅವನ ದೀಪವೂ ಮಂಕು. ಆ ಪಾರ್ಕಿನಲ್ಲಿ ಅವನು ಮಾಡುವುದಾದರೂ ಏನು? ಗಾಜು ಒರೆಸುವುದು! ನಾನು ಕೊಟ್ಟಿರುವುದೂ ಗಾಜೇ. ಆದರೆ ಬುದ್ಧಿ ಇರುವ ಗಾಜು..."

"ನಿಲ್ಲಿಸ್ಬುಟ್ರಾ? ಹೇಳಿ ಅಣ್ಣ, ಹೇಳಿ. ಮೋಡ ಬಂದ್ರೆ ಇನ್ನೂ ಏನೇನು ಆಯ್ತದೆ?"

ದನಿ ಬಂದದ್ದು ಹಿಂದಿನಿಂದ. ತಿರುಗಿ ನೋಡಿದೆ. ಮಂಚದ ಬಳಿ ಮಾವನ ಕೆಂಚು ಬಣ್ಣದ ಮೇಕೆ ಕೆಂದಿ ನಿಂತಿತ್ತು. ಚಂದ್ರಶೇಖರನ ದನಿಯಲ್ಲಿ ಮೇಕೆ ಮಾತಾಡುತ್ತಿದೆ ಎಂದು ಒಂದು ಗಳಿಗೆ ನಾನು, ವಿಜ್ಞಾನದ ಮೇಷ್ಟ್ರು, ನಿಜವಾಗಿಯೂ ನಂಬಿದೆ.

ಆಮೇಲೆ ಅರ್ಥವಾಯಿತು. ಸೌತೆರಸದ ಆಸೆಗೆ ಕೆಂದಿ ಫೋನನ್ನು ನೆಕ್ಕುತ್ತಿತ್ತು. ನಾಲಿಗೆಯಲ್ಲಿ ನೀರೂ ಉಂಟು, ಉಪ್ಪೂ ಉಂಟು. ಅದು ಮೇಲಿದ್ದ ನನ್ನ ಮುಖವನ್ನು ಬಿಟ್ಟು ಮೂಲೆಯಲ್ಲಿದ್ದ ಚಂದ್ರಶೇಖರನ ಮುಖವನ್ನೇ ಹುಡುಕಿ ನೆಕ್ಕಿತ್ತು!

ಓಡಿಹೋಗಿ ಫೋನು ಕಿತ್ತುಕೊಂಡೆ. ಕರೆ ಮುಗಿಸುವ ಕೆಂಪು ಗುರುತು ಮುಟ್ಟಿದೆ. ಆಗಲಿಲ್ಲ. ಪರದೆಯ ತುಂಬ ಮೇಕೆಯ ಜೊಲ್ಲು. ನನ್ನ ಬೆರಳು ಎಲ್ಲಿದೆಯೆಂದು ಫೋನಿಗೆ ತಿಳಿಯುತ್ತಲೇ ಇಲ್ಲ. ಉಜ್ಜಿದೆ, ಕುಕ್ಕಿದೆ, ರೊಟ್ಟಿ ತಟ್ಟುವಂತೆ ತಟ್ಟಿದೆ. ದನಿ ಇನ್ನಷ್ಟು ಜೋರಾಯಿತು.

"ಮೊದ್ಲು ಬರೀ ಮೂಗಿನ ಹೊಳ್ಳೆ ಕಾಣ್ತಿತ್ತು, ಅಣ್ಣನೇ ಇರ್ಬೇಕು ಅಂದ್ಕೊಂಡೆ," ಎಂದ ಚಂದ್ರಶೇಖರ್. "ಆಮೇಲೆ ಗಡ್ಡ ಕಾಣ್ತು. ಮೇಕೆ ಅಂತ ಗೊತ್ತಾಯ್ತು."

ಮಾವ ಜಗಲಿಯ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟರು. ಗಲಾಟೆ ಕೇಳಿ ಅತ್ತೆ ಹೊರಗೆ ಬಂದವರು, ನನ್ನ ಕೈಯಿಂದ ಫೋನು ತೆಗೆದುಕೊಂಡು ಸೆರಗಿನಲ್ಲಿ ಒರೆಸಿ ಮುಖದ ಮುಂದೆ ಹಿಡಿದರು. ಹಿಡಿದವರು ಹಾಗೇ ನಿಂತರು. ಚಂದ್ರಶೇಖರನ ತೋಳಿನಲ್ಲಿ ಮಗು ಕಣ್ಣು ಬಿಟ್ಟುಕೊಂಡು ಅತ್ತೆಯನ್ನೇ ನೋಡುತ್ತಿತ್ತು.

"ಅಯ್ಯೋ ನನ್ನ ಬಂಗಾರಾ! ಎಷ್ಟು ತುಂಬ್ಕಂಡವಳೆ ನೋಡು! ಓಯ್, ಬಾ ಇಲ್ಲಿ, ನಿನ್ನ ಮೊಮ್ಮಗಳು ಆಕಳಿಸ್ತಾವಳೆ!"

ಮಾವ ಓಡಿದರು, ಯಶೋದ ಓಡಿದಳು. ಹೊಂಗೆ ಮರದ ಕೆಳಗೆ ಎಲ್ಲರ ತಲೆಗಳೂ ಒಂದೇ ಫೋನಿನ ಮೇಲೆ ಬಾಗಿದವು. ಶ್ರೀಲತಾಳೂ ಬಂದು ಮಾತಾಡಿದಳು. ಅತ್ತೆ ನಗುತ್ತ ಅಳುತ್ತ ಅಲ್ಲೇ ದೃಷ್ಟಿ ತೆಗೆದರು. ಚಂದ್ರಶೇಖರ್, "ಫೋನು ಬೋ ಪಸಂದಾಗೈತೆ ಅಣ್ಣ, ಒಳ್ಳೆ ಕೆಲ್ಸ ಮಾಡಿದ್ರಿ" ಎಂದ. ಅವನು ಮನಸಾರೆ ಹೇಳಿದ. ಅದು ನನಗೆ ಇನ್ನೂ ಹೆಚ್ಚು ನಾಟಿತು.

ಸಂಜೆಯ ಹೊತ್ತಿಗೆ ಹಟ್ಟಿಯೆಲ್ಲ ಸುದ್ದಿ. ಮಾವ ದಾರಿಹೋಕರನ್ನು ನಿಲ್ಲಿಸಿ, "ನಮ್ಮ ಮೇಕೆ ಪಾವಗಡಕ್ಕೆ ಫೋನ್ ಮಾಡಿ ಮಗು ತೋರಿಸ್ತು ಕಣ್ಲಾ" ಎನ್ನತೊಡಗಿದರು. ನಾಲಿಗೆಯ ಉಪ್ಪು ನೀರಿನ ಬಗ್ಗೆ ವಿವರಿಸಲು ನಾನು ಎದ್ದು ನಿಂತೆ. ಎಲ್ಲರೂ ನನ್ನನ್ನು ದಾಟಿಕೊಂಡು ಕೆಂದಿಯನ್ನು ನೋಡಲು ದೊಡ್ಡಿಗೆ ಹೋದರು.

ಮಧುಗಿರಿಗೆ ವಾಪಸಾಗಿ ಮಾರನೆಯ ಬೆಳಿಗ್ಗೆ ಸ್ಕೂಲಿಗೆ ಹೊರಡುತ್ತಿದ್ದೆ. ಜೇಬಿನಲ್ಲಿ ಫೋನು ಅದುರಿತು. ತೆಗೆದರೆ ಪರದೆಯ ತುಂಬ ಅತ್ತೆಯ ಹಣೆ.

"ಅತ್ತೆ! ನೀವೇ ಮಾಡಿದ್ರಾ?"

"ನಾನೇ ಮಾಡ್ದೆ ಕಣ್ರಪ್ಪ, ಸೌತೆಕಾಯಿ ಇಟ್ಕಂಡು. ಯಾರ್ನೂ ಕರೀನಿಲ್ಲ. ಬೆಳಗಿಂದ ಹಟ್ಟಿ ಹೆಂಗಸ್ರೆಲ್ಲ ಬಂದು ಕೂತವ್ರೆ. ಗಾಜಿನ ಕೆಳಗೆ ಗೆರೆ ಐತೆ, ಗೆರೆನಾಗೆ ಕರೆಂಟೈತೆ, ಬೆರಳ್ನಾಗಿರೋ ನೀರು ಅದ್ನ ಎಳ್ಕಂತದೆ, ಆಮ್ಯಾಕೆ ಕವಣೆ ತಿರುಗ್ದಂಗೆ ತಿರುಗಿ ಬುರ್ರ್ ಅಂತದೆ ಅಂತ ಎಲ್ಲಾ ಬುಡಿಸಿ ಬುಡಿಸಿ ಏಳ್ದೆ."

ನನ್ನ ಕಣ್ಣು ತುಂಬಿ ಬಂತು. ಇಷ್ಟು ವರ್ಷದ ನನ್ನ ಮೇಷ್ಟ್ರುಗಿರಿಯಲ್ಲಿ ಒಬ್ಬ ವಿದ್ಯಾರ್ಥಿಯೂ ಪಾಠವನ್ನು ಇಷ್ಟು ಚೆನ್ನಾಗಿ ಒಪ್ಪಿಸಿದ್ದಿಲ್ಲ. ಯಶೋದಳಿಗೂ ಕೇಳಲೆಂದು ಸ್ಪೀಕರ್ ಹಾಕಿದೆ.

"ಇದನ್ನೆಲ್ಲ ಯಾರು ಹೇಳಿಕೊಟ್ಟರು ಅಂತ ಅವರು ಕೇಳಲಿಲ್ಲವಾ ಅತ್ತೆ?"

"ಕೇಳಿದ್ರು. ಕೆಂದಿ ಅಂದೆ."

"ಕೆಂದಿನಾ?"

"ಮೇಷ್ಟ್ರು ಅಂದ್ರೆ ಪಾಠ ಅಂದ್ಕಂಡು ಎದ್ದೋಯ್ತಾರೆ ಕಣ್ರಪ್ಪ. ಮೇಕೆ ಅಂದ್ರೆ ಕೂತ್ಕಂಡು ಕೇಳ್ತಾರೆ. ಇರ್ಲಿ, ಯಶೋದಂಗೆ ಕೊಡಿ."