ಗಟ್ಟಿ ಮೊಸರಿನ ವೈದ್ಯ

ಡಾಕ್ಟರೆಂದರೆ ನಾಡಿ ನೋಡಿ ಔಷಧ ಕೊಡುವವನು ಎಂದು ತಿಳಿದು ಹೆಗ್ಗಡದೇವನಕೋಟೆಗೆ ಬಂದವನು ನಾನು. ಮಹಾರಾಜರ ಸರ್ಕಾರ ಸಂಬಳ ಕೊಡುತ್ತಿದ್ದುದೂ ಅದಕ್ಕೇ. ಆದರೆ ಅಲ್ಲಿ ನನ್ನ ಅರ್ಧ ಆಯಸ್ಸು ಕಳೆದದ್ದು ಜನಕ್ಕೆ ಮೊಸರು ತಿನ್ನಿಸುವುದರಲ್ಲಿ. ಮೈಸೂರಿನಲ್ಲಿ ನನಗೆ ಪಾಠ ಹೇಳಿದ ದೊಡ್ಡ ಡಾಕ್ಟರೊಬ್ಬರಿಗೆ ಇದರದೇ ಹುಚ್ಚು. ಗ್ರೀಸು ದೇಶದ ಕಡೆ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೇತುಹಾಕಿ, ನೀರೆಲ್ಲ ಬಸಿದ ಮೇಲೆ ಉಳಿದ ಗಟ್ಟಿಯನ್ನು ತಿನ್ನುತ್ತಾರಂತೆ. ಕೆಟ್ಟ ಹೊಟ್ಟೆಗೂ ಬಡಕಲು ಮೈಗೂ ಅದರಂಥದ್ದು ಇನ್ನೊಂದಿಲ್ಲ ಎನ್ನುತ್ತಿದ್ದರು. ಆ ಹುಚ್ಚು ನನಗೂ ಹತ್ತಿತು. ಹತ್ತಿದ ಮೇಲೆ ಒಂದಲ್ಲ ಒಂದು ಫಜೀತಿ ಬೆನ್ನಿಗೇ ಇತ್ತು, ತಪ್ಪಿದ್ದೇ ಇಲ್ಲ.

ಕಹಿ ಔಷಧ

ಒಬ್ಬ ರೈತ ಹೆಂಡತಿಯ ಜೊತೆ ಗಾಡಿ ಕಟ್ಟಿಕೊಂಡು ಬಂದ. ತಿಂದದ್ದು ಅರಗುವುದಿಲ್ಲ, ಹೊಟ್ಟೆಯೆಲ್ಲ ಗುಡುಗುಡು. ಪರೀಕ್ಷೆ ಮಾಡಿ, "ಏನೂ ಇಲ್ಲ ಕಣಯ್ಯ, ದಿನಾ ಗಟ್ಟಿ ಮೊಸರು ತಿನ್ನು" ಎಂದೆ.

ಹೆಂಡತಿಗೆ ರೇಗಿಹೋಯಿತು. "ಅಲ್ಲ ಬುದ್ಧಿ, ಹೊತ್ಮುಂಚೆ ಎದ್ದು ಇಲ್ಲೀಗಂಟ ಬಂದದ್ದು ಮೊಸ್ರು ತಿನ್ನು ಅನ್ನುಸ್ಕಳಕ್ಕಾ? ಮೊಸ್ರು ನಮ್ಮಟ್ಟೀಲೇ ಅದೆ. ಔಸ್ದಿ ಕೊಡಿ!" ಎಂದು ಸೆರಗಿನಿಂದ ಖಾಲಿ ಸೀಸೆ ತೆಗೆದು ಮೇಜಿನ ಮೇಲೆ ಕುಕ್ಕಿದಳು.

ಕಹಿಯಿಲ್ಲದ್ದು ಔಷಧವೇ ಅಲ್ಲ ಎಂಬುದು ಆ ಸೀಮೆಯ ನಂಬಿಕೆ. ಹಾಳಾಗಲಿ ಎಂದು ಇದ್ದುದರಲ್ಲಿ ಅತಿ ಕಹಿಯಾದ ಕಷಾಯವನ್ನು ಸೀಸೆಗೆ ತುಂಬಿಸಿದೆ. "ದಿನಾ ಒಂದು ಗುಟುಕು. ಬಾಯಿ ಕಹಿ ಹೋಗಲಿಕ್ಕೆ ಮೇಲೊಂದು ಬಟ್ಟಲು ಗಟ್ಟಿ ಮೊಸರು. ಮರೆತೀಯ!" ಎಂದೆ. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಮುಂದಿನ ಸಂತೆಗೆ ಬಂದವನ ಮುಖ ಕಳೆಕಳೆಯಾಗಿತ್ತು. "ನಿಮ್ ಔಸ್ದಿ ಬಾಳ ಜೋರು ಬುದ್ಧಿ. ಕಲ್ಲು ತಿಂದ್ರೂ ಅರಗ್ತದೆ ಈಗ."

"ಸೀಸೆ ಮುಗೀತೇನಯ್ಯ?"

"ಬುಡ್ತು ಅನ್ನಿ, ಮುಚ್ಚಳವ ತಗುದೇ ಇಲ್ಲ. ಬಾಯಿ ಕಹಿ ಆಗೋಕ್ ಮುಂಚೇನೇ ಮೊಸ್ರ ತಿಂದ್ಬುಡ್ತಿದ್ದೆ. ಆಮ್ಯಾಕೆ ಔಸ್ದಿ ಕುಡ್ಯಕ್ಕೆ ಮನಸ್ಸೇ ಬತ್ತಿರ್ನಿಲ್ಲ."

ದಫೇದಾರರ ಮನೆಯ ಹೆಪ್ಪು

ಊರಿಗೆಲ್ಲ ಮೊಸರು ಹೇಳುವ ನನ್ನ ಮನೆಯಲ್ಲೇ ಒಂದು ಸಂಜೆ ಹೆಪ್ಪಿಗೆ ಮೊಸರಿಲ್ಲ. ಕಾಯಿಸಿದ ಹಾಲು ಆರುತ್ತ ಕೂತಿದೆ. ಪಕ್ಕದ ಮನೆ ಪೊಲೀಸ್ ದಫೇದಾರರದು. ಹೋಗಿ, "ತಾಯೀ, ಒಂದು ಚಮಚ ಮೊಸರು ಕೊಡಿ" ಎಂದೆ.

ಆಕೆ ದೇವರ ಮುಂದೆ ಆಗತಾನೇ ದೀಪ ಹಚ್ಚಿದ್ದರು. "ಅಯ್ಯೋ, ದೀಪ ಹಚ್ಚಿದ್ಮೇಲೆ ಹೆಪ್ಪು ಕೊಟ್ರೆ ಲಕ್ಷ್ಮೀನೇ ಎದ್ದು ಹೋಗ್ತಾಳೆ ಡಾಕ್ಟ್ರೇ, ಕೊಡಂಗಿಲ್ಲ" ಎಂದರು. ನನ್ನ ಪೆಚ್ಚು ಮುಖ ನೋಡಿ ಪಾಪ ಅನ್ನಿಸಿರಬೇಕು. "ನಾನು ಕೊಡಂಗಿಲ್ಲ ಅಷ್ಟೇ. ನೀವಾಗೇ ಕದ್ಕೊಂಡ್ ಹೋದ್ರೆ ನಮಗೆ ದೋಷ ಇಲ್ಲ. ಗಡಿಗೆ ಅಡಿಗೆಮನೇಲೇ ಐತೆ. ನಾನು ಹಿತ್ಲಿಗೆ ಹೋಗ್ತೀನಿ" ಎಂದು ಹೊರಟೇಹೋದರು.

ಸರ್ಕಾರಿ ಡಾಕ್ಟರಾದ ನಾನು ಬೆಕ್ಕಿನ ಹಾಗೆ ಒಳಹೊಕ್ಕು ಗಡಿಗೆಗೆ ಚಮಚ ಹಾಕಿದೆ. ತಿರುಗುತ್ತೇನೆ, ಬಾಗಿಲಲ್ಲಿ ಪೇಟ, ಬೆಲ್ಟು, ಮೀಸೆ ಸಮೇತ ದಫೇದಾರರು!

"ಏನ್ ಡಾಕ್ಟ್ರೇ ಇದು?"

"ಹೆ... ಹೆಪ್ಪು ಕದೀತಾ ಇದ್ದೀನಿ."

ಅವರು ಹಚ್ಚಿದ ದೀಪ ನೋಡಿದರು, ನನ್ನ ಚಮಚ ನೋಡಿದರು. ಆಮೇಲೆ ಗೋಡೆಯ ಕಡೆ ತಿರುಗಿ ನಿಂತು, "ಹಂಗಾರೆ ಜಲ್ದಿ ಕದೀರಿ. ನಾನಿನ್ನೂ ಮನೇಗೇ ಬಂದಿಲ್ಲ" ಎಂದರು.

ಮುಡಿಪು

ಇದು ಮಾತ್ರ ನಗುವ ಸಂಗತಿಯಾಗಿ ಶುರುವಾದದ್ದಲ್ಲ. ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯ ಆಚೆಯ ಹಳ್ಳಿಯಲ್ಲಿ ಒಬ್ಬ ನಡುವಯಸ್ಸಿನವ ಆಮಶಂಕೆಯಿಂದ ಬಿದ್ದು ಹಂಚಿಕಡ್ಡಿಯಾಗಿದ್ದ. ರೋಗವೇನೋ ನಿಂತಿತು, ಹೊಟ್ಟೆಯಲ್ಲಿ ಅನ್ನ ನಿಲ್ಲದು. ಹೀಗೇ ಬಿಟ್ಟರೆ ಆಸಾಮಿ ಉಳಿಯುವುದಿಲ್ಲ ಎಂದು ನನಗೆ ನಿಜವಾಗಿ ಭಯವಾಯಿತು. ಅವನ ಹೆಂಡತಿಗೆ, "ಶುಭ್ರವಾದ ಬಟ್ಟೆಯಲ್ಲಿ ಮೊಸರು ಕಟ್ಟಿ, ಬೆಕ್ಕಿಗೆ ಸಿಗದ ಹಾಗೆ ನೇತುಹಾಕು. ನೀರು ಬಸಿದ ಮೇಲೆ ತಿನ್ನಿಸು" ಎಂದು ಹೇಳಿ ಬಂದೆ.

ಎರಡು ದಿನ ಬಿಟ್ಟು ಸೈಕಲ್ಲಿನಲ್ಲಿ ಹೋದರೆ ರೋಗಿ ಇನ್ನೂ ಇಳಿದುಹೋಗಿದ್ದ. "ಮೊಸರು ಕೊಟ್ಟೆಯೇನಮ್ಮ?" ಎಂದೆ. ಹೆಂಡತಿ ಅಳುತ್ತ ದೇವರ ಮೂಲೆ ತೋರಿಸಿದಳು. ಅಲ್ಲಿ ಮಾರಮ್ಮನ ಮುಂದಿನ ಗೂಟದಲ್ಲಿ ಹಳದಿ ಗಂಟೊಂದು ನೇತಾಡುತ್ತಿತ್ತು.

ಆದದ್ದಿಷ್ಟು. ಮನೆಯಲ್ಲಿದ್ದ ಶುಭ್ರ ಬಟ್ಟೆ ಎಂದರೆ ಅರಿಸಿನದ ಬಟ್ಟೆ. ಬೆಕ್ಕು ಹೋಗದ ಜಾಗ ಎಂದರೆ ದೇವರ ಮೂಲೆ. ಅವಳು ಅಲ್ಲಿ ಕಟ್ಟಿದಳು. ಅತ್ತೆ ನೋಡಿದಳು. ಅರಿಸಿನದ ಬಟ್ಟೆಯಲ್ಲಿ ಕಟ್ಟಿ ದೇವರ ಮುಂದೆ ತೂಗುಹಾಕಿದರೆ ಅದು ಹರಕೆಯ ಮುಡಿಪು!

"ಅಜ್ಜೀ, ಅದು ಬರೀ ಮೊಸರು" ಎಂದೆ.

"ಮೊಸ್ರೋ ಚಿನ್ನವೋ, ಕಟ್ಟುದ್ಮ್ಯಾಲೆ ತಾಯಿದೇ ಆಯ್ತು. ಮಾರಿಹಬ್ಬದಗಂಟ ಯಾರೂ ಮುಟ್ಟಂಗಿಲ್ಲ."

"ಬೇರೆ ಮೊಸರಾದರೂ ಕೊಡಿ."

"ತಾಯಿಗೆ ಸಲ್ಲೋಕ್ ಮುಂಚೆ ಮನೆಯೋರು ಮೊಸ್ರು ತಿಂದ್ರೆ ಕಣ್ಣೇ ವೋಗ್ಬುಡ್ತವೆ ಬುದ್ಧಿ!"

ಹಬ್ಬಕ್ಕೆ ಇನ್ನೂ ತಿಂಗಳುಗಟ್ಟಲೆ ಇತ್ತು. ನನಗೆ ತಡೆಯಲಾಗಲಿಲ್ಲ. "ನಿನ್ನ ಮಗ ಅಲ್ಲೀತನಕ ಇರೋಲ್ಲ ಕಣಮ್ಮ!" ಎಂದು ಕೂಗಿದೆ. ಮುದುಕಿಯೂ ಗೋಳೋ ಎಂದು ಅತ್ತಳು. "ನಂಗೇನು ಮಗ ಬ್ಯಾಡ್ವಾ? ತಾಯೇ ಬಂದು ಅಪ್ಣೆ ಕೊಡ್ಬೇಕು. ತಾಯಿ ಬರೋದು ಇವನ ಮೈಮ್ಯಾಲೆ. ಇವನೇ ಇಂಗೆ ಬಿದ್ದವ್ನೆ, ಯಾರ ಕೇಳ್ಲಿ?"

ಮಂಚ ಕಿರ್ರೆಂದಿತು. ಕೈಯೆತ್ತಲೂ ಆಗದೆ ಬಿದ್ದಿದ್ದ ರೋಗಿ ಗಡಗಡ ನಡುಗುತ್ತ ಎದ್ದು ಕೂತ. "ಏಯ್ ಮುದ್ಕೀ!" ಎಂದು ಅಬ್ಬರಿಸಿದ. "ಹಬ್ಬದಗಂಟ ಕಾಯಕ್ಕೆ ನನ್ ಕೈಲಾಗಕ್ಕಿಲ್ಲ! ಗಂಟ ಬಿಚ್ಚು! ನನ್ ಕಂದನ್ ಬಾಯಿಗಾಕು!"

"ತಪ್ಪಾಯ್ತು ನನ್ನವ್ವಾ!" ಎಂದು ಮುದುಕಿ ಮಗನ ಕಾಲಿಗೇ ಬಿದ್ದಳು. ಸೊಸೆ ಓಡಿಹೋಗಿ ಗಂಟು ಬಿಚ್ಚಿದಳು. ತುತ್ತು ಬಾಯಿಗೆ ಬಂದಾಗಲೆಲ್ಲ ಮೈಮೇಲಿನ ತಾಯಿ ನಡುಕ ನಿಲ್ಲಿಸಿ ನುಂಗುತ್ತಿದ್ದಳು. ನುಂಗಿದ ಮೇಲೆ ಮತ್ತೆ ನಡುಗುತ್ತಿದ್ದಳು. ಬಟ್ಟೆ ಬರಿದಾಯಿತು. ನಾನೂ ಕೈಮುಗಿದು ನಿಂತೆ. ನನ್ನ ಕೈಲಾಗದ್ದನ್ನು ಆ ತಾಯಿ ಒಂದೇ ಮಾತಿಗೆ ಮಾಡಿಸಿದ್ದಳು.

ಮುದುಕಿ ಕಣ್ಣೊರೆಸಿಕೊಂಡು, "ಇನ್ನೇನಪ್ಪಣೆ ತಾಯೇ?" ಎಂದಳು.

ರೋಗಿ ಒಂದು ಕಣ್ಣು ಬಿಟ್ಟು ನನ್ನನ್ನು ನೋಡಿದ, ಮತ್ತೆ ಮುಚ್ಚಿಕೊಂಡ. "ಡಾಕ್ಟ್ರು ಹೇಳ್ದಂಗೆ ದಿನಾ ಕಟ್ಟು. ನಾಳಿಕಿಂದ ವಸಿ ಉಪ್ಪಾಕು!"