ಎಂಜಿನ್ ಮಾತ್ರ ಗುಂ ಅಂತ ಇದೆ

ಕನ್ನಡಕದಂಗಡಿಯವನು ಮಾವನಿಗೆ ಒಂದೇ ಒಂದು ಸುಳ್ಳು ಹೇಳಿದವನಲ್ಲ. ಮಾವ ಫೋನ್ ಮಾಡಿದಾಗಲೆಲ್ಲ ಮಗಳ ಕ್ಷೇಮಕ್ಕಿಂತ ಮೊದಲು ವಿಚಾರಿಸುತ್ತಿದ್ದದ್ದು ತಮ್ಮ ಕಾರನ್ನು. "ಎಂಜಿನ್ ಹೇಗಿದೆ ಅಳಿಯಂದ್ರೇ?"

"ಗುಂ ಅಂತ ಇದೆ ಮಾವ. ಭಾನುವಾರ ಬಂದ್ರೆ ಸಾಕು, ಸ್ಟಾರ್ಟ್ ಮಾಡ್ತೀನಿ."

ಅಪ್ಪಟ ನಿಜ. ಆದರೆ ಎಂಜಿನ್ ಈಗ ಕಾರಿನಲ್ಲಿ ಇರಲಿಲ್ಲ, ವಿಮಾನದಲ್ಲಿತ್ತು. ಅದನ್ನು ಮಾವ ಕೇಳಿರಲಿಲ್ಲ, ಅಳಿಯ ಹೇಳಿರಲಿಲ್ಲ.

ಹಗಲೆಲ್ಲ ಜನರ ಮೂಗಿನ ಮೇಲೆ ಗಾಜು ಏರಿಸುವುದು, ಸಂಜೆಯಾದರೆ ಮನೆಯ ಹಿಂದಿನ ಶೆಡ್ಡಿನಲ್ಲಿ ವಿಮಾನ ಕಟ್ಟುವುದು, ಇದು ಅವನ ದಿನಚರಿ. ಮರದ ಚೌಕಟ್ಟು, ಮೇಲೆ ಬಿಗಿದ ಬಟ್ಟೆ, ಒಬ್ಬರೇ ಕೂರುವ ಸೀಟು. ಎಲ್ಲ ಮುಗಿದ ಮೇಲೆ ಎಂಜಿನ್ನಿನ ಪ್ರಶ್ನೆ ಬಂತು. ವಿಮಾನದ ಎಂಜಿನ್ನು ಅವನ ಕೈಗೆ ಎಟುಕುವಂಥದ್ದಲ್ಲ. ಈಗಿನ ಕಾರಿನ ಎಂಜಿನ್ನುಗಳು ಹುಚ್ಚು ಹಿಡಿದ ಹಾಗೆ ತಿರುಗುತ್ತವೆ, ಅವನ ಮರದ ಪ್ರೊಪೆಲರ್‌ಗೆ ಆ ವೇಗ ಒಗ್ಗುವುದಿಲ್ಲ. ಹಳೇ ಕಾಲದ ಕಾರಿನ ಎಂಜಿನ್ನು ಹಾಗಲ್ಲ. ಊಟ ಮುಗಿಸಿ ಎದ್ದ ಯಜಮಾನರ ಹಾಗೆ ನಿಧಾನ, ಆದರೆ ಎಳೆತ ಮಾತ್ರ ಜೋಡೆತ್ತಿನದು. ಅಂಥದ್ದೊಂದು ಅದೇ ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲು ಹೊದ್ದು ಮಲಗಿತ್ತು. ಮಾವ ದೂರದ ಊರಿನ ಫ್ಲ್ಯಾಟಿಗೆ ಹೋಗುವಾಗ "ಜೋಪಾನ" ಎಂದು ಬಿಟ್ಟುಹೋದ ಕಾರು.

ಅವತ್ತು ಭಾನುವಾರ. ಸಂಜೆ ಗಾಳಿ ತಗ್ಗಿದ ಮೇಲೆ ಹಿಂದಿನ ಬಯಲಿನಲ್ಲಿ ಮೊದಲ ಹಾರಾಟ ಎಂದು ಅವನು ನಿರ್ಧರಿಸಿದ್ದ. ತಿಂಡಿ ತಟ್ಟೆಯ ಮುಂದೆ ಕೂತಿದ್ದಾಗ ಬಾಗಿಲಲ್ಲಿ ಟ್ಯಾಕ್ಸಿ ನಿಂತಿತು. ಕೋಟು, ಟೋಪಿ ಹಾಕಿಕೊಂಡ ಮಾವ ಇಳಿದರು. ಹಿಂದೆ ಕೈಚೀಲ ಹಿಡಿದ ಅತ್ತೆ. ಅತ್ತೆ ಮೊದಲಿನಿಂದಲೂ ಮಾತು ಕಡಿಮೆ, ಆಳೂ ಸಣ್ಣ. ಕುರ್ಚಿಯಲ್ಲಿ ಕೂತರೆ ಕುರ್ಚಿ ಖಾಲಿ ಇದೆ ಅನಿಸಬೇಕು.

"ಇವತ್ತು ನಿಮ್ಮೂರಲ್ಲಿ ಹಳೇ ಕಾರುಗಳ ಪ್ರದರ್ಶನ ಇದೆಯಂತೆ!" ಮಾವನ ಮುಖ ಬೆಳಗುತ್ತಿತ್ತು. "ತೆಗೀರಿ ಕಾರು! ಮಧ್ಯಾಹ್ನದೊಳಗೆ ಮೈದಾನದಲ್ಲಿ ಇರಬೇಕು."

ಅಳಿಯ ತಿಂಡಿ ತಟ್ಟೆ ಬಿಟ್ಟು ಎದ್ದ. ಅಡುಗೆಮನೆಗೆ ಓಡಿದ.

"ನಾನಂತೂ ಬಾಯಿ ಬಿಡಲ್ಲಪ್ಪ," ಎಂದಳು ಹೆಂಡತಿ. "ಬಿಚ್ಚಿದವರು ನೀವು, ಹೇಳೋರೂ ನೀವೇ."

"ಹೇಳೋಕೆ ನಾಲಿಗೆ ಏಳಬೇಕಲ್ಲೇ!"

"ಹಾಗಾದ್ರೆ ಅವರಿಗೆ ಕಾಫಿ ಕೊಟ್ಟು ಕೂರಿಸ್ತೀನಿ. ಅಷ್ಟರಲ್ಲಿ ಏನಾದ್ರೂ ಮಾಡ್ಕೊಳ್ಳಿ."

ಸಂಗತಿ ಬೇಲಿ ದಾಟಿ ಅಕ್ಕಪಕ್ಕದವರಿಗೆ ಮುಟ್ಟಲು ಹೊತ್ತು ಹಿಡಿಯಲಿಲ್ಲ. ಎಡಮನೆಯ ಬೇಕರಿಯವನೂ ಬಲಮನೆಯ ನಿವೃತ್ತ ಡ್ರಿಲ್ ಮೇಷ್ಟ್ರೂ ಕರೆಯದೇ ಶೆಡ್ಡಿಗೆ ಬಂದರು. ಎಂಜಿನ್ ಕಳಕೊಂಡ ಕಾರು ಯಾರ ಮೇಲೋ ಮುನಿಸಿಕೊಂಡ ಹಾಗೆ ಮೂತಿ ಮೇಲೆತ್ತಿ ನಿಂತಿತ್ತು.

"ಮುಂದೆ ಭಾರ ಬೇಕು. ಮೈದಾ ಮೂಟೆ ಇಡೋಣ ಸಾರ್," ಎಂದ ಬೇಕರಿಯವನು.

"ಇಲ್ಲಿಂದ ಮೈದಾನದವರೆಗೂ ಇಳಿಜಾರು," ಎಂದರು ಮೇಷ್ಟ್ರು. "ಒಂದು ಸಲ ತಳ್ಳಿಬಿಟ್ರೆ ತಾನಾಗೇ ಹೋಗುತ್ತೆ. ತಳ್ಳೋ ಇಲಾಖೆ ನನ್ನದು."

"ಶಬ್ದ? ಮಾವನ ಕಿವಿ ನಿಮಗೆ ಗೊತ್ತಿಲ್ಲ. ಪಕ್ಕದ ಬೀದೀಲಿ ಸೂಜಿ ಬಿದ್ರೂ ಕೇಳುತ್ತೆ."

"ನನ್ನ ಬೈಕಿನ ಸೈಲೆನ್ಸರ್ ಒಡೆದಿದೆ," ಎಂದ ಬೇಕರಿಯವನು ಹೆಮ್ಮೆಯಿಂದ. "ಹಿಂದೇನೇ ಅಂಟಿಕೊಂಡು ಬರ್ತೀನಿ."

ಮಾವನನ್ನೂ ಅತ್ತೆಯನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿದ್ದಾಯಿತು. ಮೇಷ್ಟ್ರು ಬೆನ್ನು ಕೊಟ್ಟು ತಳ್ಳತೊಡಗಿದರು.

"ಇವರು ಯಾಕೆ ತಳ್ತಿದ್ದಾರೆ?"

"ಹಳೇ ಬ್ಯಾಟರಿ ಮಾವ. ಬೆಳಿಗ್ಗೆ ಬೆಳಿಗ್ಗೆ ಅದಕ್ಕೆ ಯಾಕೆ ತೊಂದರೆ ಅಂತ."

ಕಾರು ಉರುಳಿತು. ಹಿಂದೆ ಬೈಕು ಗರ್ಜಿಸಿತು. ಮಾವ ಕಿವಿ ನಿಮಿರಿಸಿದರು. "ಶಬ್ದ ಹಿಂದಿನಿಂದ ಬರ್ತಿದೆಯಲ್ಲ?"

"ಸೈಲೆನ್ಸರ್ ಹಿಂದೇನೇ ಅಲ್ವಾ ಮಾವ ಇರೋದು?"

ಮಾವ ಒಪ್ಪಿದರು. ಆದರೆ ಅಡ್ಡರಸ್ತೆಯಲ್ಲಿ ಒಂದು ಬಸ್ಸು ನಡುವೆ ನುಗ್ಗಿತು. ಬೈಕು ಹಿಂದೆ ಉಳಿಯಿತು. ಕಾರಿನೊಳಗೆ ದೇವಸ್ಥಾನದಂಥ ಮೌನ.

"ಎಂಜಿನ್ ನಿಂತುಹೋಯ್ತು!"

"ಇಳಿಜಾರಲ್ವಾ ಮಾವ, ಸ್ವಲ್ಪ ವಿಶ್ರಾಂತಿ ಕೊಟ್ಟೆ."

ಬೇಕರಿಯವನು ಹೇಗೋ ಬಸ್ಸನ್ನು ದಾಟಿ ಬಂದ. ಬಂದ ರಭಸಕ್ಕೆ ಬ್ರೇಕು ಹತ್ತದೆ ಕಾರನ್ನೂ ದಾಟಿದ.

"ಅಳಿಯಂದ್ರೇ, ಎಂಜಿನ್ ಈಗ ಎಡಗಡೆ ಬಂತು... ಅಯ್ಯೋ, ಈಗ ಮುಂದೆ ಹೋಗ್ತಾ ಇದೆ!"

ಇದಕ್ಕೆ ಉತ್ತರ ಹುಡುಕುವಷ್ಟರಲ್ಲಿ ಕಾರು ಗುಂಡಿಗೆ ಇಳಿದು ಎದ್ದಿತು. ಬಾನೆಟ್ಟಿನ ಒಳಗೆ ಒಂದು ಮೂಟೆ ಪಟ್ಟೆಂದು ಒಡೆಯಿತು. ಸಂದುಗೊಂದುಗಳಿಂದೆಲ್ಲ ಬೆಳ್ಳನೆ ಮೋಡ ಎದ್ದು ಗಾಜನ್ನು ಮುಚ್ಚಿತು. ಅಳಿಯ ಕಿಟಕಿಯಿಂದ ತಲೆ ಹೊರಗೆ ಹಾಕಿ, ಕನ್ನಡಕ ಒರೆಸಿಕೊಳ್ಳುತ್ತ, ಸಿಕ್ಕ ಹಾಗೆ ಸ್ಟೀರಿಂಗ್ ತಿರುಗಿಸಿದ. ಅತ್ತೆ ಕಿಟಕಿಯ ಗಾಳಿಗೆ ಮುಖ ಕೊಟ್ಟು ಕೂತಿದ್ದರು.

ಕಾರು ಮೈದಾನಕ್ಕೆ ನುಗ್ಗಿ, ಹಗ್ಗ ಹರಿದು, ತೀರ್ಪುಗಾರರ ಮೇಜಿಗೆ ಒಂದು ಗೇಣು ಇರುವಾಗ ನಿಂತಿತು. ಜನ ಇದೂ ಕಾರ್ಯಕ್ರಮದ ಭಾಗವೇ ಎಂದುಕೊಂಡು ಚಪ್ಪಾಳೆ ತಟ್ಟಿದರು. ಮಾವ ಇಳಿದು ಟೋಪಿ ತೆಗೆದು ವಂದಿಸಿದರು.

"ಬಾನೆಟ್ ತೆಗೆದು ತೋರಿಸ್ತೀರಾ?" ಎಂದರು ತೀರ್ಪುಗಾರ್ತಿ.

ಮಾವ ತಾವೇ ತೆಗೆದರು. ಒಳಗೆ ಒಂದು ತುಂಬಿದ ಮೂಟೆ, ಒಂದು ಖಾಲಿ ಮೂಟೆ. ಮಾವ ಅವುಗಳ ಕೆಳಗೆ ಕೈಹಾಕಿ ತಡಕಾಡಿದರು. ಮೊಣಕೈವರೆಗೂ ಬೆಳ್ಳಗಾದ ಕೈಯನ್ನು ಹೊರಗೆ ತೆಗೆದು ಅಳಿಯನ ಕಡೆ ತಿರುಗಿದರು.

"ಮನೇಲಿದೆ ಮಾವ," ಎಂದ ಅವನು, ಕೇಳುವ ಮೊದಲೇ. "ವಿಮಾನದಲ್ಲಿ."

"ಯಾವ ವಿಮಾನದಲ್ಲಿ?"

"ನಾನು ಕಟ್ಟಿರೋ ವಿಮಾನದಲ್ಲಿ."

ಮಾವನ ಮುಖ ಕೆಂಪಗಾಗಿ, ಅದರ ಮೇಲೆ ಕೂತಿದ್ದ ಮೈದಾ ಇನ್ನೂ ಬೆಳ್ಳಗೆ ಕಂಡಿತು. ಅವರು ಬಾಯಿ ತೆರೆಯುವಷ್ಟರಲ್ಲಿ ಅವತ್ತು ಮೊದಲ ಸಲ ಅತ್ತೆ ಮಾತಾಡಿದರು.

"ಅದು ಹಾರುತ್ತಾ?"

"ಇವತ್ತು ಸಂಜೆ ನೋಡೋಣ ಅಂತ ಇದ್ದೆ ಅತ್ತೆ."

"ನಡೀರಿ ಹಾಗಾದ್ರೆ."

ಸಂಜೆ ಬಯಲಿನಲ್ಲಿ ಎಲ್ಲರೂ ಸೇರಿದರು. ಬೇಕರಿಯವನು ಬನ್ನು ತಂದಿದ್ದ. ಮೇಷ್ಟ್ರು ಕೊರಳಲ್ಲಿ ಸೀಟಿ ಹಾಕಿಕೊಂಡು ಬಂದಿದ್ದರು. ಮಾವ ದೂರ ನಿಂತಿದ್ದರು. ಆದರೆ ಎಂಜಿನ್ ಗುಂ ಎಂದಾಗ ಅವರ ಕಾಲು ತಾನಾಗಿ ಹತ್ತಿರ ಬಂತು. ಸ್ವಲ್ಪ ಹೊತ್ತು ಕಣ್ಣುಮುಚ್ಚಿ ಆಲಿಸಿದರು. "ಚೆನ್ನಾಗಿ ಇಟ್ಟುಕೊಂಡಿದ್ದೀರಿ," ಎಂದರು. ಅಳಿಯನಿಗೆ ಹೋದ ಜೀವ ಬಂದಂತಾಯಿತು.

ಅವನು ಸೀಟು ಹತ್ತಿದ. ವಿಮಾನ ಬಯಲಿನುದ್ದ ಓಡಿತು, ಒಂದೆರಡು ಸಲ ಕುಪ್ಪಳಿಸಿತು, ಬೇಲಿಯ ಹತ್ತಿರ ನಿಂತಿತು.

"ಭಾರ ಜಾಸ್ತಿಯಾಯ್ತು, ಶೂ ಬಿಚ್ಚಿ!" ಮೇಷ್ಟ್ರು ಸೀಟಿ ಊದಿದರು. ಶೂ ಬಿಚ್ಚಿದ. ಮತ್ತೆ ಕುಪ್ಪಳ. "ಕೋಟು!" ಎಂದ ಬೇಕರಿಯವನು. ಕೋಟೂ ಹೋಯಿತು. "ಅಂಗಿ ಮಾತ್ರ ಬೇಡ ರೀ, ಜನ ನೋಡ್ತಿದ್ದಾರೆ," ಎಂದಳು ಹೆಂಡತಿ. ವಿಮಾನ ಈಜು ಬಾರದ ಬಾತುಕೋಳಿಯ ಹಾಗೆ ನೆಲ ಬಿಡಲೇ ಇಲ್ಲ.

"ಇಳೀರಿ ಅಳಿಯಂದ್ರೇ," ಎಂದರು ಅತ್ತೆ, ಕೈಚೀಲವನ್ನು ಮಗಳ ಕೈಗೆ ಕೊಡುತ್ತ. "ನಾನು ಸ್ವಲ್ಪ ಕೂತು ನೋಡ್ತೀನಿ."

ಹಿರಿಯರ ಆಸೆ ಎಂದು ಅವನು ಕೈಹಿಡಿದು ಹತ್ತಿಸಿದ. ಅತ್ತೆ ಪೆಡಲು ತುಳಿದು ನೋಡಿದರು. ಹಿಂದೆ ತಿರುಗಿ ಬಾಲ ಅಲ್ಲಾಡುವುದನ್ನು ನೋಡಿದರು. ಹುಲ್ಲು ಯಾವ ಕಡೆ ಬಾಗಿದೆ ಎಂದು ನೋಡಿದರು. ಆಮೇಲೆ ಎಂಜಿನ್ ಭೋರ್ಗರೆಯಿತು.

"ಅತ್ತೆ! ಅದನ್ನ ಮುಟ್ಟಬೇಡಿ!" ಎಂದು ಅವನು ಬರಿಗಾಲಲ್ಲಿ ಓಡಿದ. ಅರ್ಧ ಬಯಲು ಓಡುವಷ್ಟರಲ್ಲಿ ಚಕ್ರಗಳು ಅವನ ತಲೆಗಿಂತ ಮೇಲಿದ್ದವು.

"ಮಾವ! ಅತ್ತೆ ಹೋದ್ರು!"

"ಹೋಗ್ಲಿ ಬಿಡಿ," ಎಂದರು ಮಾವ, ಬನ್ನು ಮುರಿಯುತ್ತ. "ಮದುವೆಗೆ ಮುಂಚೆ ಗ್ಲೈಡರ್ ಕ್ಲಬ್ಬಿನಲ್ಲಿ ಅವಳನ್ನ ಮೀರಿಸೋರು ಇರಲಿಲ್ಲ. ಗ್ಲೈಡರ್‌ಗೆ ಎಂಜಿನ್ ಇರಲ್ಲ ನೋಡಿ. ಉದ್ದದ ಹಗ್ಗ ಕಟ್ಟಿ ಕಾರಲ್ಲಿ ಎಳೆದು ಮೇಲಕ್ಕೆ ಕಳಿಸಬೇಕು. ಎಳೀತಿದ್ದವನು ನಾನು. ಎಳೆದದ್ದು ಈ ಎಂಜಿನ್ನೇ."

"ಅಮ್ಮ ಒಂದು ದಿನಾನೂ ಹೇಳಿಲ್ವಲ್ಲ!" ಹೆಂಡತಿಯ ಬಾಯಿ ತೆರೆದೇ ಇತ್ತು.

"ನೀನು ಹುಟ್ಟಿದ ವರ್ಷ ಕ್ಲಬ್ಬು ಮುಚ್ಚಿತು ಮಗಳೇ. ಆಮೇಲೆ ಅವಳು ಆ ಮಾತೇ ಎತ್ತಲಿಲ್ಲ. ಕಾರು ಮಾರೋಕೆ ಮಾತ್ರ ಬಿಡಲಿಲ್ಲ."

ಮೇಲೆ ವಿಮಾನ ಸಂಜೆಬಿಸಿಲಿನಲ್ಲಿ ರೆಕ್ಕೆ ವಾಲಿಸಿ ದೊಡ್ಡದಾಗಿ ತಿರುಗಿತು. ಅವನು ಕತ್ತೆತ್ತಿ ನಿಂತ. ತಾನು ಉಜ್ಜಿ ನಯಮಾಡಿದ ಮರ, ತಾನು ಬಿಗಿದ ಬಟ್ಟೆ ಗಾಳಿಯಲ್ಲಿ ನಿಂತಿತ್ತು. ಕನ್ನಡಕ ಮತ್ತೆ ಮಂಜಾಯಿತು. ಈ ಸಲ ಮೈದಾದಿಂದಲ್ಲ.

ಅತ್ತೆ ಹೂವು ಇಟ್ಟ ಹಾಗೆ ವಿಮಾನ ಇಳಿಸಿದರು. ಕೆನ್ನೆ ಕೆಂಪಾಗಿ, ಕೂದಲೆಲ್ಲ ಕೆದರಿ, ಹತ್ತು ವರ್ಷ ಚಿಕ್ಕವರಾಗಿದ್ದರು. "ಎಡ ಪೆಡಲು ಬಿಗಿ. ಬಲ ರೆಕ್ಕೆ ಒಂಚೂರು ಭಾರ. ನಾಳೆ ಸರಿಮಾಡಿಬಿಡಿ ಅಳಿಯಂದ್ರೇ." ಆಮೇಲೆ ಗಂಡನ ಕಡೆ ತಿರುಗಿದರು. "ರೀ, ಆ ಫ್ಲ್ಯಾಟು ಯಾರಿಗಾದ್ರೂ ಬಾಡಿಗೆಗೆ ಕೊಟ್ಟುಬಿಡೋಣ. ಇನ್ನು ನಾವು ಇಲ್ಲೇ ಇರೋದು."

ಹೆಂಡತಿ ಕುಣಿದಳು. ಅಳಿಯ ವಿಮಾನದ ರೆಕ್ಕೆ ಹಿಡಿದುಕೊಂಡ.

"ಅತ್ತೆ... ನಾನು ಯಾವಾಗ ಹಾರೋದು?"

ಅತ್ತೆ ಅವನನ್ನು ಮೇಲಿನಿಂದ ಕೆಳಗೆ ನೋಡಿದರು. ಹೊಟ್ಟೆಯ ಹತ್ತಿರ ದೃಷ್ಟಿ ಸ್ವಲ್ಪ ಹೆಚ್ಚು ಹೊತ್ತು ನಿಂತಿತು.

"ನಿಮಗೆ ಲಾರಿ ಎಂಜಿನ್ನೇ ಬೇಕಾಗುತ್ತೆ," ಎಂದರು, ಪ್ರೀತಿಯಿಂದಲೇ.

ಮಾವ ಅವನ ಹೆಗಲ ಮೇಲೆ ಕೈ ಹಾಕಿದರು. "ಬೇಜಾರು ಮಾಡ್ಕೋಬೇಡಿ. ಕೆಳಗೆ ನಿಂತು ನೋಡೋದರಲ್ಲೂ ಒಂದು ಹದ ಇದೆ. ನಾನು ಹೇಳಿಕೊಡ್ತೀನಿ."

ಅಷ್ಟರಲ್ಲಿ ಅತ್ತೆ ಮತ್ತೆ ಸೀಟಿನಲ್ಲಿದ್ದರು. "ಬೆಳಕಿರುವಾಗಲೇ ಇನ್ನೊಂದು ಸುತ್ತು! ಪ್ರೊಪೆಲರ್ ತಿರುಗಿಸಿ ಅಳಿಯಂದ್ರೇ!"

"ಬಂದೆ ಅತ್ತೆ!" ಎಂದು ಕನ್ನಡಕದಂಗಡಿಯವನು ಬರಿಗಾಲಲ್ಲೇ ಓಡಿದ.