ನಾನು ತಿದ್ದಿ ಕಳಿಸಿದ ಮಿಕ್ಸರ್ ಜಾಹೀರಾತು

ಮೂವತ್ತು ವರ್ಷ ಕನ್ನಡ ಪಾಠ ಹೇಳಿದವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಯಾರು ಏನೇ ಬರೆದಿರಲಿ, ಅದನ್ನು ತಿದ್ದದೆ ಮುಂದಕ್ಕೆ ಬಿಡಲು ಮನಸ್ಸೊಪ್ಪುವುದಿಲ್ಲ. ಹುಮನಾಬಾದಿನ ನಮ್ಮ ಓಣಿಯ ಮದುವೆ ಕಾರ್ಡುಗಳೆಲ್ಲ ನನ್ನ ಕೈ ದಾಟಿಯೇ ಪ್ರೆಸ್ಸಿಗೆ ಹೋಗುತ್ತವೆ. ಒಮ್ಮೆ ಹಾಲಿನವನ ಚೀಟಿಯನ್ನೂ ತಿದ್ದಿ ಕೊಟ್ಟಿದ್ದೆ. ಮರುದಿನ ಆತ ನಮ್ಮ ಮನೆಗೆ ಹಾಲು ಹಾಕದೆ ಮುಂದೆ ಹೋದ. ಇದೇ ಚಟ ನನ್ನನ್ನು ವಕೀಲರ ಮನೆಯ ಮೆಟ್ಟಿಲು ಹತ್ತಿಸೀತೆಂದು ಮಾತ್ರ ಎಣಿಸಿರಲಿಲ್ಲ.

ಆದದ್ದಿಷ್ಟು. ಫೋನಿನಲ್ಲಿ ಒಂದು ಚಹಾಪುಡಿ ಕಂಪನಿಯ ಜಾಹೀರಾತು ಬಂತು. ಐದು ಪೊಟ್ಟಣ ಕೊಂಡು ಒಳಗಿನ ಕೋಡ್ ಸ್ಕ್ಯಾನ್ ಮಾಡಿದರೆ ಮಿಕ್ಸರ್ ಉಚಿತ. ಮಾಡಿದೆ. ‘ಅಭಿನಂದನೆಗಳು, ನೀವು ವಿಜೇತರು! ಏಳು ದಿನಗಳಲ್ಲಿ ಮಿಕ್ಸರ್ ನಿಮ್ಮ ಮನೆಗೆ’ ಎಂಬ ಉತ್ತರವೂ ಬಂತು. ಜೀವಮಾನದಲ್ಲಿ ಲಿಂಬೆ-ಚಮಚೆ ಓಟದಲ್ಲೂ ಗೆಲ್ಲದ ನನಗೆ ತಲೆ ತಿರುಗಿತು. ಅದೇ ಖುಷಿಯಲ್ಲಿ ಜಾಹೀರಾತನ್ನು ನಂಟರಿಗೂ ಹಳೆಯ ವಿದ್ಯಾರ್ಥಿಗಳಿಗೂ ಕಳಿಸಿದೆ. ಕಳಿಸುವ ಮುನ್ನ ತಿದ್ದಿದೆ. ‘ಮೊದಲ ನೂರು ಗ್ರಾಹಕರಿಗೆ ಮಾತ್ರ’ ಎಂದು ಕೆಳಗೆ ಸಣ್ಣಕ್ಷರದಲ್ಲಿದ್ದ ಸಾಲು ಬರಹದ ಓಘಕ್ಕೆ ಅಡ್ಡ ಬರುತ್ತಿತ್ತು, ತೆಗೆದುಹಾಕಿದೆ. ಬದಲಿಗೆ ‘ಎಲ್ಲರಿಗೂ ಖಂಡಿತ, ಇದಕ್ಕೆ ನಾನೇ ಸಾಕ್ಷಿ’ ಎಂದು ಸೇರಿಸಿದೆ.

ನನ್ನ ಹೆಂಡತಿ ಆ ವಾರವೇ ಹಳೆಯ ಮಿಕ್ಸರನ್ನು ಬಸವಕಲ್ಯಾಣದ ತನ್ನ ತಂಗಿಗೆ ಕೊಟ್ಟುಬಂದಳು. ಏಳು ದಿನ ಹೋಗಿ ಎರಡು ತಿಂಗಳಾಯಿತು, ನಾಗರಪಂಚಮಿ ಹತ್ತಿರ ಬಂತು. ಅಟ್ಟದ ಮೇಲಿದ್ದ, ಕುಟ್ಟುವ ಕಬ್ಬಿಣದ ಖಲಬತ್ತೆ ಕೆಳಗಿಳಿಯಿತು. “ಗೆದ್ದವ್ರು ನೀವ ಅಲ್ಲ? ಕುಟ್ರಿ,” ಎಂದು ಹೆಂಡತಿ ಹುರಿದ ಶೇಂಗಾದ ಬುಟ್ಟಿ ನನ್ನ ಮುಂದಿಟ್ಟಳು. ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಕುಟ್ಟಿ ಕುಟ್ಟಿ ಕೈಯಲ್ಲಿ ಬೊಬ್ಬೆ ಎದ್ದವು. ಕಂಪನಿಗೆ ಫೋನ್ ಮಾಡಿದರೆ ಬರೀ ಸಂಗೀತ. ಮೆಸೇಜ್ ಮಾಡಿದರೆ, ‘ನಿಮ್ಮ ಕೋರಿಕೆ ಪರಿಶೀಲನೆಯಲ್ಲಿದೆ. ನಿಮ್ಮ ತಾಳ್ಮೆಗೆ ಧನ್ಯವಾದಗಳು’ ಎಂಬ ಒಂದೇ ಉತ್ತರ. ನನಗೆ ನಿಜಕ್ಕೂ ಮೈ ಉರಿಯಿತು. ಆ ಎರಡು ವಾಕ್ಯಗಳಲ್ಲಿ ತಿದ್ದಲು ಒಂದು ತಪ್ಪೂ ಇರಲಿಲ್ಲ.

ಬಸ್ ಹತ್ತಿ ಬಸವಕಲ್ಯಾಣಕ್ಕೆ ಹೋದೆ. ಹಬ್ಬದ ಮಟ್ಟಿಗೆ ಹಳೆಯ ಮಿಕ್ಸರನ್ನು ಎರವಲು ಕೇಳುವುದು, ಆಮೇಲೆ ಅಲ್ಲಿ ವಕೀಲನಾಗಿರುವ ನನ್ನ ವಿದ್ಯಾರ್ಥಿ ಬಷೀರನನ್ನು ಕಾಣುವುದು ನನ್ನ ಯೋಜನೆ. ನಾದಿನಿಯ ಅಡುಗೆಮನೆಯಲ್ಲಿ ಮಿಕ್ಸರ್ ಇರಲಿಲ್ಲ. ಚಹಾಪುಡಿಯ ಐದು ಪೊಟ್ಟಣಗಳಿದ್ದವು.

“ನೀವ ಖಂಡಿತ ಅಂತ ಬರ್ದಿದ್ರಲ್ಲ ಮಾಮಾ, ಹೊಸಾದು ಬರ್ತದಂತ ಹಳೀದು ಮುಡಬಿ ಊರಾಗ ಮೈದುನನ ಮನಿಗಿ, ನಮ್ಮ ನೆಗೆಣ್ಣಿಗಿ ಕೊಟ್ಟುಬಿಟ್ಟೆ,” ಎಂದಳು. ಬರಿಗೈಯಲ್ಲಿ ಬಷೀರನ ಮನೆಗೆ ನಡೆದೆ.

ಬಷೀರ ನನ್ನ ಫೋನನ್ನೆಲ್ಲ ಜಾಲಾಡಿದ. “ಸರ, ನಿಮ್ಮ ಕೇಸ್ ಗಟ್ಟಿ ಅದ. ನೀವು ಮಾಲು ತಗೊಂಡೀರಿ, ಗೆದ್ದೀರಿ ಅಂತ ಅವ್ರೇ ಬರ್ದಾರ. ಬಿಲ್ಲು, ಮೆಸೇಜು ಎಲ್ಲಾ ಜ್ವಾಪಾನ ಇಡ್ರಿ. ಮೊದಲು ಕಂಪನಿಗಿ ಗಡುವು ಹಾಕಿ ಒಂದು ಪತ್ರ ಬರೀರಿ. ಜವಾಬು ಬರ್ಲಿಲ್ಲಂದ್ರ ಗ್ರಾಹಕ ಸಹಾಯವಾಣಿ, ಅದಕ್ಕೂ ಬಗ್ಗಲಿಲ್ಲಂದ್ರ ಬೀದರದ ಗ್ರಾಹಕ ಆಯೋಗ. ಎರಡು ವರ್ಷದೊಳಗ ಹಾಕ್ಬೇಕು. ವಕೀಲ್ರೇ ಬೇಕಂತಿಲ್ಲ, ನೀವೇ ಹಾಕಬಹುದು.”

“ಮತ್ತ ನಮ್ಮ ನಾದಿನಿ ಮಿಕ್ಸರ್?”

ಬಷೀರ ತಲೆ ಕೆರೆದುಕೊಂಡ. “ಅವ್ರು ಗೆದ್ದಾರಂತ ಕಂಪನಿ ಎಲ್ಲೂ ಬರ್ದಿಲ್ರಿ. ಅವ್ರಿಗಿ ಮಾತು ಕೊಟ್ಟೋರು ನೀವು, ಸರ. ತಪ್ಪು ತಿಳ್ಕೋಬ್ಯಾಡ್ರಿ, ನಮ್ಮ ಮನ್ಯಾಗೂ ಐದು ಪೊಟ್ಟಣ ಅವ.”

ಅಷ್ಟರಲ್ಲಿ ಒಳಗಿನಿಂದ ಚಹಾ ಬಂತು. ಯಾವ ಪುಡಿಯದೆಂದು ನಾನು ಕೇಳಲಿಲ್ಲ.

ಊರಿಗೆ ಮರಳಿ, ಹತ್ತು ದಿನದ ಗಡುವು ಹಾಕಿ ಕಂಪನಿಗೆ ಪತ್ರ ಕಳಿಸಿದೆ. ಮೂರನೆಯ ದಿನ ನನ್ನ ಫೋನಿಗೇ ಒಂದು ಪತ್ರ ಬಂತು, ನಾದಿನಿಯದು. ‘ಹತ್ತು ದಿನದೊಳಗೆ ಮಿಕ್ಸರ್ ತಲುಪಿಸತಕ್ಕದ್ದು. ತಪ್ಪಿದಲ್ಲಿ ನಮ್ಮ ಮನೆಯ ಶೇಂಗಾವನ್ನೂ ತಾವೇ ಕುಟ್ಟಿ ಕೊಡತಕ್ಕದ್ದು.’ ಬಷೀರ ಹೇಳಿಕೊಟ್ಟ ಧಾಟಿ ಎಂದು ನೋಡಿದ ಕೂಡಲೇ ತಿಳಿಯಿತು. ಕೆಳಗೆ ಸಾಕ್ಷಿ ಎಂದು ನನ್ನ ಹೆಂಡತಿಯ ಹೆಸರಿತ್ತು.

ಖಲಬತ್ತೆಯನ್ನು ಪಕ್ಕಕ್ಕೆ ಸರಿಸಿದೆ. ತುಂಬ ಹೊತ್ತು ಯೋಚಿಸಿ, ಬೊಬ್ಬೆ ಎದ್ದ ಕೈಯಿಂದಲೇ ಉತ್ತರ ಕಳಿಸಿದೆ: ‘ನಿಮ್ಮ ಕೋರಿಕೆ ಪರಿಶೀಲನೆಯಲ್ಲಿದೆ. ನಿಮ್ಮ ತಾಳ್ಮೆಗೆ ಧನ್ಯವಾದಗಳು.’ ಬೇರೆಯವರ ಬರಹವನ್ನು ಒಂದಕ್ಷರವೂ ತಿದ್ದದೆ ಮುಂದಕ್ಕೆ ಕಳಿಸಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.